ಹಳೇ ವಾಲ್ವ್ ಆಂಪ್ಲಿಫೈಯರ್‌ಗೆ ಹೊಸ ಪವರ್ ಕಾರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮ ಮನೆ. ವಾಲ್ವ್ ಸೆಟ್ (ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್, ಅಂದರೆ ಟ್ಯೂಬ್, ಇರುವ ಸೆಟ್) ರಿಪೇರಿ ನನಗೆ ಹೊಟ್ಟೆಪಾಡಲ್ಲ, ಸುಮ್ನೆ ಹಿಡಿದ ಹುಚ್ಚು. ಆದರೂ ರಾಯಚೂರು, ಕೊಪ್ಪಳ, ಗಂಗಾವತಿ ಕಡೆಯಿಂದ ಜನ ಸೆಟ್ ಹೊತ್ತುಕೊಂಡು ಬರುತ್ತಾರೆ. ತಾತ ಮದ್ರಾಸಿನಿಂದ ತಂದ ಸ್ಟೀರಿಯೋ, ಮೈಕ್ ಸೆಟ್ ಅಂಗಡಿಯ ಅಟ್ಟದಲ್ಲಿ ಬಿದ್ದಿದ್ದ ಆಂಪ್ಲಿಫೈಯರ್, ಅಮೆರಿಕದಿಂದ ತರಿಸಿದ ಡೈನಾಕೋ ಕಂಪನಿಯ ಆಂಪ್ಲಿಫೈಯರ್, ಹೀಗೆ. ಬಂದವರು ಯಾವ ಟ್ಯೂಬ್ ಚೆನ್ನಾಗಿದೆ, ಸೌಂಡ್ ಹೇಗಿದೆ ಅಂತ ಕೇಳುತ್ತಾರೆ. ನಾನು ಸೆಟ್ ಹಿಂದೆ ತಿರುಗಿಸಿ ಮೊದಲು ವೈರು ನೋಡುತ್ತೇನೆ. ಆ ವೈರಿನ ಬಗ್ಗೆ ಜನ ಕೇಳಿದ್ದು, ನಾನು ಹೇಳಿದ್ದು ಇಲ್ಲಿದೆ.

ಈಗಿರುವ ಕಾರ್ಡ್ ಚೆನ್ನಾಗೇ ಕೆಲಸ ಮಾಡ್ತಿದೆ. ಯಾಕೆ ಬದಲಿಸಬೇಕು?

ಪ್ಲಗ್ ತೆಗೆದು, ಕಾರ್ಡನ್ನು ಸೆಟ್ಟಿನ ಒಳಗೆ ಹೋಗುವ ಜಾಗದಲ್ಲಿ ಬೆರಳಿನಿಂದ ಮಡಚಿ ನೋಡಿ. ಪ್ಲಗ್ ಹತ್ತಿರವೂ ಹಾಗೇ ಮಾಡಿ. ಮಡಚಿದ ಕಡೆ ಬಿರುಕು ಕಂಡರೆ ಆ ಕಾರ್ಡಿನ ಆಯಸ್ಸು ಮುಗಿದಿದೆ. 1950, 60ರ ಸೆಟ್‌ಗಳಲ್ಲಿ ಹತ್ತಿ ನೂಲು ಸುತ್ತಿದ ರಬ್ಬರ್ ವೈರು ಬರುತ್ತಿತ್ತು. ಮೇಲಿನ ನೂಲು ನೋಡಲು ಗಟ್ಟಿಯಾಗೇ ಇರುತ್ತದೆ. ಬಿಚ್ಚಿದರೆ ಒಳಗಿನ ರಬ್ಬರ್ ಹುರಿದ ಹಪ್ಪಳದ ಹಾಗೆ ಪುಡಿಯಾಗಿ ಉದುರುತ್ತದೆ. ನಮ್ಮದು ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು. ಅದರ ಮೇಲೆ ವಾಲ್ವ್‌ಗಳ ಕಾವು ಬೇರೆ. ಇಲಿ ಕಡಿದದ್ದನ್ನಂತೂ ಲೆಕ್ಕ ಇಟ್ಟಿಲ್ಲ.

ಇದು ಒಂದು ಕಾರಣ. ಇನ್ನೊಂದು ಇದಕ್ಕಿಂತ ದೊಡ್ಡದು: ಹಳೇ ಕಾರ್ಡ್‌ಗಳಲ್ಲಿ ಎರಡೇ ತಂತಿ ಇರುವುದು ಜಾಸ್ತಿ. ಮೂರನೆಯದು, ಅಂದರೆ ಅರ್ತ್, ಇರುವುದೇ ಇಲ್ಲ. ವಾಲ್ವ್ ಆಂಪ್ಲಿಫೈಯರ್ ಅಂದರೆ ಕಬ್ಬಿಣದ ಚಾಸಿ, ಎಲ್ಲವನ್ನೂ ಕೂರಿಸಿರುವ ತಗಡಿನ ಪೆಟ್ಟಿಗೆ. ಅದರ ಮೇಲೆ ಟ್ರಾನ್ಸ್‌ಫಾರ್ಮರ್, ಮುಂದೆ ಲೋಹದ ನಾಬ್, ಹಿಂದೆ ಲೋಹದ ಸಾಕೆಟ್‌ಗಳು. ಒಳಗೆ ಎಲ್ಲೋ ಒಂದು ಫೇಸ್ ತಂತಿ ಚಾಸಿಗೆ ತಾಗಿದರೆ ಇಡೀ ಸೆಟ್ಟೇ ಕರೆಂಟಾಗುತ್ತದೆ. ಆದರೂ ಹಾಡು ಹಾಡುತ್ತಲೇ ಇರುತ್ತದೆ. ಕೆಟ್ಟಿದೆ ಅಂತ ನಿಮಗೆ ಗೊತ್ತಾಗುವುದು ಕೈ ಇಟ್ಟಾಗಲೇ.

ಮುಟ್ಟಿದರೆ ಜುಮ್ ಅನ್ನುತ್ತೆ. ಪ್ಲಗ್ ತಿರುಗಿಸಿ ಹಾಕಿದರೆ ಕಡಿಮೆಯಾಗುತ್ತೆ. ಏನಿದು?

ನಮ್ಮ ಮನೆಯಲ್ಲೂ ಹೀಗೇ ಶುರುವಾಯಿತು. ಒಂದು ಮೈಕ್ ಸೆಟ್ ಅಂಗಡಿಯಿಂದ ಹಳೇ ಆಂಪ್ಲಿಫೈಯರ್ ತಂದಿದ್ದೆ. ಅಮ್ಮ ಆಗತಾನೇ ಬಂಡೆ ನೆಲ ಒರೆಸಿ, ಅದೇ ಕೈಯಲ್ಲಿ ಸೆಟ್ಟಿನ ಧೂಳು ಒರೆಸಲು ಹೋದಳು. "ಏನೋ ಇದು, ಇರುವೆ ಕಡಿದ ಹಾಗಾಯ್ತು" ಅಂದಳು. ನಾನು ಚಪ್ಪಲಿ ಹಾಕಿದ್ದೆ, ನನಗೇನೂ ಆಗಲಿಲ್ಲ. ಚಪ್ಪಲಿ ಬಿಟ್ಟು, ಬೆರಳಿನ ಹಿಂಬದಿಯಿಂದ ಮುಟ್ಟಿದೆ. ನನಗೂ ಇರುವೆ ಕಡಿಯಿತು.

ತಳ ಬಿಚ್ಚಿದಾಗ ಮೇಣ ಕರಗಿ ಇಳಿದಿದ್ದ ಒಂದು ಪೇಪರ್ ಕಂಡೆನ್ಸರ್ ಸಿಕ್ಕಿತು. ಒಂದು ಕಾಲು ಮೇನ್ಸ್ ತಂತಿಗೆ, ಇನ್ನೊಂದು ನೇರ ಚಾಸಿಗೆ. ಹಿಂದಿನ ಕಾಲದಲ್ಲಿ ಗರ್ ಗರ್ ಸದ್ದು ತಡೆಯಲು ಇದನ್ನು ಹಾಕುತ್ತಿದ್ದರು. ಅಮೆರಿಕದ ರಿಪೇರಿಯವರು ಇದಕ್ಕೆ ಇಟ್ಟಿರುವ ಅಡ್ಡಹೆಸರು ಸಾವಿನ ಕಂಡೆನ್ಸರ್. ಸುಮ್ನೆ ಇಟ್ಟಿಲ್ಲ. 0.05 ಮೈಕ್ರೋಫ್ಯಾರಡ್‌ನ ಒಂದು ಚೆನ್ನಾಗಿರುವ ಕಂಡೆನ್ಸರೇ ನಮ್ಮ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಸುಮಾರು 3.6 ಮಿಲಿ ಆಂಪಿಯರ್ ಬಿಡುತ್ತದೆ. ಜುಮ್ ಅನ್ನಲು ಅಷ್ಟು ಸಾಕು. ಅದೇ ಕಂಡೆನ್ಸರ್ ಹಳತಾಗಿ ಒಳಗೇ ಶಾರ್ಟ್ ಆದರೆ ಪೂರ್ತಿ ಮೇನ್ಸ್ ಚಾಸಿಗೆ ಬಂದು ಕೂರುತ್ತದೆ. ಪ್ಲಗ್ ತಿರುಗಿಸಿದಾಗ ಆ ಕಾಲು ಫೇಸಿನಿಂದ ನ್ಯೂಟ್ರಲ್‌ಗೆ ಬದಲಾಗುತ್ತದೆ, ಅದಕ್ಕೇ ಜುಮ್ಮು ಕಡಿಮೆ. ರೋಗ ಹೋಗಿಲ್ಲ, ಮಗ್ಗುಲು ಬದಲಿಸಿದೆ ಅಷ್ಟೇ.

ಮೂರು ತಂತಿಯ ಕಾರ್ಡ್ ಹಾಕುವಾಗ ಈ ಕಂಡೆನ್ಸರನ್ನು ಕತ್ತರಿಸಿ ತೆಗೆಯಿರಿ. ಬದಲಿಗೆ ಏನೂ ಹಾಕದಿದ್ದರೂ ನಡೆಯುತ್ತದೆ. ರೇಡಿಯೋ ಸದ್ದು, ಸ್ವಿಚ್ಚಿನ ಟಕ್ ಸದ್ದು ನಿಜಕ್ಕೂ ತೊಂದರೆ ಕೊಟ್ಟರೆ ಅದಕ್ಕೆಂದೇ ಮಾಡಿದ ಕಂಡೆನ್ಸರ್‌ಗಳಿವೆ: ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಕ್ಸ್2 ದರ್ಜೆಯದು, ಚಾಸಿಗೆ ಹೋಗುವುದಾದರೆ ವೈ2 ದರ್ಜೆಯದು. ಮೈಮೇಲೆ ಆ ಗುರುತು ಅಚ್ಚಾಗಿರಬೇಕು. "630 ವೋಲ್ಟಿನದು ಕೊಡ್ತೀನಿ ತಗೊಳ್ರಿ, ಅದೂ ಒಂದೇ" ಅಂತ ಅಂಗಡಿಯವರು ಹೇಳುತ್ತಾರೆ. ಒಂದೇ ಅಲ್ಲ.

ಪ್ಲಗ್ ತೆಗೆದಿದ್ದೀನಿ. ಇನ್ನು ತಳ ಬಿಚ್ಚಿ ಕೈ ಹಾಕಬಹುದಲ್ವಾ?

ಬೇಡ, ತಡೆಯಿರಿ. ಒಳಗಿನ ಫಿಲ್ಟರ್ ಕಂಡೆನ್ಸರ್‌ಗಳಲ್ಲಿ 300ರಿಂದ 500 ವೋಲ್ಟ್ ಡಿಸಿ ತುಂಬಿರುತ್ತದೆ. ಪ್ಲಗ್ ತೆಗೆದ ತಕ್ಷಣ ಅದು ಹೋಗುವುದಿಲ್ಲ. ಕೆಲವು ಸೆಟ್‌ಗಳಲ್ಲಿ ಗಂಟೆಗಟ್ಟಲೆ ಉಳಿಯುತ್ತದೆ. ಮನೆಯ ಮೇನ್ಸ್‌ಗಿಂತ ಇದು ಕೆಟ್ಟ ಏಟು.

10 ಕಿಲೋ ಓಮ್, 10 ವ್ಯಾಟ್‌ನ ಒಂದು ರೆಸಿಸ್ಟರ್ ತಗೊಂಡು ಎರಡೂ ಕಡೆ ವೈರು ಬೆಸುಗೆ ಹಾಕಿ, ತುದಿಗೆ ಕ್ರೊಕೊಡೈಲ್ ಕ್ಲಿಪ್ ಸಿಕ್ಕಿಸಿ, ಮೇಲೆ ಸ್ಲೀವ್ ಹಾಕಿ. ಒಂದು ಕ್ಲಿಪ್ ಮೊದಲು ಚಾಸಿಗೆ. ಆಮೇಲೆ ಒಂದು ಕೈ ಪ್ಯಾಂಟ್ ಜೇಬಿನಲ್ಲಿಟ್ಟು, ಇನ್ನೊಂದು ಕೈಯಲ್ಲಿ ಎರಡನೇ ಕ್ಲಿಪ್ಪನ್ನು ಕಂಡೆನ್ಸರಿನ ಪ್ಲಸ್‌ಗೆ. ಹತ್ತು ಸೆಕೆಂಡ್ ಬಿಟ್ಟು ಮೀಟರ್ ಹಿಡಿದು ಸೊನ್ನೆ ಹತ್ತಿರ ಬಂತಾ ನೋಡಿ. ಎರಡು ಮೂರು ಕಂಡೆನ್ಸರ್ ಇದ್ದರೆ ಎಲ್ಲಕ್ಕೂ ಮಾಡಿ. ಕೆಲಸ ಮುಗಿಯುವ ತನಕ ಕ್ಲಿಪ್ ಅಲ್ಲೇ ಇರಲಿ. ಖಾಲಿಯಾದ ಕಂಡೆನ್ಸರಿನಲ್ಲೂ ಸ್ವಲ್ಪ ಹೊತ್ತಿಗೆ ವೋಲ್ಟೇಜ್ ತಾನಾಗೇ ಮೇಲೇಳುವುದುಂಟು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಪಟ್ ಅನ್ನಿಸುವುದು ಹಳೇ ಮೆಕ್ಯಾನಿಕ್‌ಗಳ ಗತ್ತು. ನಮಗೆ ಬೇಡ.

ಬೆಸುಗೆ ಕೈಹಿಡಿತ ಇಲ್ಲದವರು, ಮೀಟರ್ ಓದಲು ಬಾರದವರು ಈ ಕೆಲಸವನ್ನು ಬಲ್ಲವರಿಗೆ ಕೊಡಿ. ಪಕ್ಕದಲ್ಲಿ ಕೂತು ಮಾಡಿಸಿಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ.

ಅಂಗಡಿಯಲ್ಲಿ ಯಾವ ವೈರು ಕೇಳಬೇಕು?

"ತ್ರೀ ಕೋರ್, ಪಾಯಿಂಟ್ ಸೆವೆಂಟಿಫೈವ್, ರೌಂಡ್ ಫ್ಲೆಕ್ಸಿಬಲ್" ಅಂದರೆ ಕೊಡುತ್ತಾರೆ. ಅಂದರೆ 0.75 ಚದರ ಮಿಲಿಮೀಟರಿನ ಮೂರು ತಂತಿ, ಒಂದೊಂದರಲ್ಲೂ 0.2 ಮಿಲಿಮೀಟರಿನ 24 ಎಳೆ. ಐಎಸ್ 694 (ವೈರಿಗಿರುವ ಭಾರತೀಯ ಮಾನದಂಡ) ಮತ್ತು ಐಎಸ್ಐ ಗುರುತು ವೈರಿನ ಮೇಲೆ ಅಚ್ಚಾಗಿರಬೇಕು. 200 ವ್ಯಾಟ್ ಎಳೆಯುವ ಸೆಟ್ಟಿಗೂ 230 ವೋಲ್ಟಿನಲ್ಲಿ ಒಂದು ಆಂಪಿಯರ್ ಕೂಡ ಬೇಕಾಗುವುದಿಲ್ಲ. ಹಾಗಾಗಿ ಇದಕ್ಕಿಂತ ದಪ್ಪದ್ದು ದಂಡ. ಹಳೇ ಗ್ರಾಮೆಟ್ (ತೂತಿನ ಅಂಚಿಗೆ ಹಾಕುವ ರಬ್ಬರ್ ಬಳೆ) ತೂತಿನಲ್ಲಿ ತೂರುವುದೂ ಇಲ್ಲ.

ಅಗ್ಗದ ಕಾರ್ಡ್‌ಗಳಲ್ಲಿ ತಾಮ್ರದ ಬಣ್ಣ ಬಳಿದ ಕಬ್ಬಿಣದ ಎಳೆ ಸಿಗುತ್ತದೆ. ನನ್ನ ಜೇಬಿನಲ್ಲಿ ಹಳೇ ಸ್ಪೀಕರಿನಿಂದ ಕಿತ್ತ ಒಂದು ಆಯಸ್ಕಾಂತದ ಚೂರು ಯಾವಾಗಲೂ ಇರುತ್ತದೆ. ಎಳೆ ಅದಕ್ಕೆ ಅಂಟಿದರೆ ವೈರನ್ನು ಅಲ್ಲೇ ಬಿಟ್ಟು ಬರುತ್ತೇನೆ. ಪ್ಲಗ್ ಅಚ್ಚಾಗಿ ಬಂದಿರುವ ರೆಡಿಮೇಡ್ ಕಾರ್ಡ್ ಆದರೆ ಮೀಟರಿನಲ್ಲಿ ದಪ್ಪ ಪಿನ್ನಿನಿಂದ ಹಸಿರು ತಂತಿಗೆ ಬೀಪ್ ಬರುತ್ತದಾ ನೋಡಿ. ಮೂರು ಪಿನ್ ಇದ್ದು ಒಳಗೆ ಎರಡೇ ತಂತಿ ಇರುವ ಕಾರ್ಡ್ ನನ್ನ ಕೈಗೇ ಬಂದಿದೆ.

ಹಳೇದರ ಬಣ್ಣ ಬೇರೆ, ಹೊಸದರ ಬಣ್ಣ ಬೇರೆ. ಯಾವುದು ಯಾವುದಕ್ಕೆ?

ಇಲ್ಲೇ ಜನ ಎಡವುವುದು. ನಮ್ಮ ದೇಶದ ಮತ್ತು ಬ್ರಿಟನ್ನಿನ ಹಳೇ ಪದ್ಧತಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಈಗಿನ ಫ್ಲೆಕ್ಸಿಬಲ್ ಕಾರ್ಡ್‌ಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು-ಹಳದಿ ಪಟ್ಟೆ ಅರ್ತ್. ಅಮೆರಿಕದ ಸೆಟ್ಟಿನಲ್ಲಿ ಕಪ್ಪೇ ಫೇಸ್, ಬಿಳಿ ನ್ಯೂಟ್ರಲ್! ನಮ್ಮ ಊರಿನ ಎಲೆಕ್ಟ್ರಿಷಿಯನ್ ಅಣ್ಣನಿಗೆ ಕಪ್ಪು ಅಂದರೆ ಹುಟ್ಟಿದಾಗಿನಿಂದ ನ್ಯೂಟ್ರಲ್. ಅಮೆರಿಕದ ಸೆಟ್ ಅವನ ಕೈಗೆ ಕೊಟ್ಟರೆ ತಲೆಕೆಳಗಾಗುವುದು ಖಂಡಿತ. ಬಣ್ಣ ನಂಬಬೇಡಿ. ಮೀಟರ್ ಹಿಡಿದು ತಂತಿಯ ಜಾಡು ಹಿಡಿಯಿರಿ. ನಿಮಗಿಂತ ಮುಂಚೆ ಆ ಸೆಟ್ಟಿಗೆ ಎಷ್ಟು ಜನ ಕೈ ಹಾಕಿದ್ದಾರೋ, ಮನೆಯಲ್ಲಿದ್ದ ಯಾವ ತುಂಡು ವೈರು ಜೋಡಿಸಿದ್ದಾರೋ.

ಒಳಗೆ ಜೋಡಿಸುವುದು ಹೇಗೆ?

ಬಿಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕು ಕೋನದಿಂದ ಫೋಟೋ ತೆಗೆಯಿರಿ.

ಮೊದಲು ಅರ್ತ್. ಚಾಸಿಯಲ್ಲಿ ಕಾರ್ಡ್ ಒಳಬರುವ ಜಾಗದ ಹತ್ತಿರ ಅದಕ್ಕೆಂದೇ ಒಂದು ಬೋಲ್ಟ್ ಇರಲಿ. ಟ್ರಾನ್ಸ್‌ಫಾರ್ಮರ್ ಕೂರಿಸಿದ ಬೋಲ್ಟಿಗೆ ಜೊತೆ ಹಾಕಬೇಡಿ. ಟ್ರಾನ್ಸ್‌ಫಾರ್ಮರ್ ನಡುಗಿ ನಡುಗಿ ನಟ್ ಸಡಿಲವಾಗುತ್ತದೆ. ಬೋಲ್ಟಿನ ಸುತ್ತ ಬಣ್ಣ, ತುಕ್ಕು ಎಲ್ಲ ಉಜ್ಜಿ ಹೊಳೆಯುವ ಲೋಹ ಕಾಣಬೇಕು. ತಂತಿಗೆ ರಿಂಗ್ ಲಗ್ ಹಾಕಿ ಕ್ರಿಂಪ್ ಮಾಡಿ, ಹಲ್ಲಿರುವ ವಾಷರ್ ಇಟ್ಟು, ನಟ್ ಬಿಗಿ ಮಾಡಿ. ಚಾಸಿಗೆ ನೇರ ಬೆಸುಗೆ ಹಾಕುವವರಿದ್ದಾರೆ. ಅಷ್ಟು ದೊಡ್ಡ ತಗಡು 25 ವ್ಯಾಟಿನ ಐರನ್ನಿಗೆ ಕಾಯುವುದೇ ಇಲ್ಲ. ಮೇಲೆ ಹೊಳೆಯುತ್ತದೆ, ಎಳೆದರೆ ಕಿತ್ತು ಬರುತ್ತದೆ.

ಅರ್ತ್ ತಂತಿಯನ್ನು ಉಳಿದೆರಡಕ್ಕಿಂತ ಒಂದೆರಡು ಇಂಚು ಉದ್ದ ಬಿಡಿ. ಯಾರೋ ಕಾಲು ತೊಡರಿ ಕಾರ್ಡ್ ಜಗ್ಗಿದರು ಅಂತಿಟ್ಟುಕೊಳ್ಳಿ. ಮೊದಲು ಫೇಸ್, ನ್ಯೂಟ್ರಲ್ ಕಿತ್ತು ಬರಬೇಕು, ಕೊನೆಯವರೆಗೂ ಉಳಿಯಬೇಕಾದ್ದು ಅರ್ತ್.

ಫೇಸ್ ತಂತಿ ನೇರ ಫ್ಯೂಸ್ ಹೋಲ್ಡರಿಗೆ. ಅದರಲ್ಲೂ ಹೋಲ್ಡರಿನ ತುದಿಯಲ್ಲಿರುವ ಕಡ್ಡಿಗೆ, ಪಕ್ಕದ್ದಕ್ಕಲ್ಲ. ತುದಿಗೆ ಕೊಟ್ಟರೆ ಫ್ಯೂಸ್ ಹಾಕುವಾಗ ತೆಗೆಯುವಾಗ ಬೆರಳು ಕರೆಂಟಿಗೆ ಸಿಗುವುದಿಲ್ಲ. ಫ್ಯೂಸಿನಿಂದ ಸ್ವಿಚ್, ಸ್ವಿಚ್ಚಿನಿಂದ ಟ್ರಾನ್ಸ್‌ಫಾರ್ಮರಿನ ಒಂದು ತುದಿ. ನ್ಯೂಟ್ರಲ್ ಇನ್ನೊಂದು ತುದಿಗೆ ನೇರ. ಎಷ್ಟೋ ಹಳೇ ಸೆಟ್‌ಗಳಲ್ಲಿ ಫ್ಯೂಸ್ ಒಂದು ತಂತಿಯಲ್ಲಿ, ಸ್ವಿಚ್ ಇನ್ನೊಂದರಲ್ಲಿ ಇರುತ್ತದೆ. ಎರಡನ್ನೂ ಫೇಸ್ ಸಾಲಿಗೆ ತನ್ನಿ. ಎರಡು ತಂತಿಯನ್ನೂ ಒಟ್ಟಿಗೆ ಕಡಿಯುವ ಸ್ವಿಚ್ ಇದ್ದರೆ ಹಾಗೇ ಬಿಡಿ.

ತಂತಿಯನ್ನು ಟ್ಯಾಗಿನ ತೂತಿನಲ್ಲಿ ತೂರಿಸಿ, ಬಗ್ಗಿಸಿ, ಆಮೇಲೆ ಬೆಸುಗೆ. ಮೇಲೆ ಸ್ಲೀವ್. ಎರಡು ವೈರು ಹೆಣೆದು ಟೇಪ್ ಸುತ್ತುವ ಕೆಲಸ ಇಲ್ಲಿ ಬೇಡವೇ ಬೇಡ. ವಾಲ್ವ್ ಸೆಟ್ಟಿನ ಕಾವಿಗೆ ಟೇಪಿನ ಅಂಟು ಕರಗಿ, ವರ್ಷದೊಳಗೆ ಟೇಪ್ ಬಿಚ್ಚಿಕೊಂಡು ನೇತಾಡುತ್ತದೆ.

ಕಾರ್ಡ್ ಒಳಬರುವ ತೂತಿಗೆ ರಬ್ಬರ್ ಗ್ರಾಮೆಟ್, ಅದರ ಒಳಗಡೆ ಕ್ಲಾಂಪ್. ಹೊರಗಿನ ದಪ್ಪ ಹೊದಿಕೆ ಕ್ಲಾಂಪಿನ ಒಳಗೂ ಸ್ವಲ್ಪ ಬಂದಿರಬೇಕು. ಹಿಂದೆ ಒಳಗೊಂದು ಗಂಟು ಹಾಕಿ ಬಿಡುತ್ತಿದ್ದರು. ಗಂಟಿನ ಮೇಲೇ ಭಾರ ಹಾಕಬೇಡಿ, ಹತ್ತು ರೂಪಾಯಿ ಕ್ಲಾಂಪಿಗೆ ಜಿಪುಣತನ ಯಾಕೆ? ಮುಗಿದ ಮೇಲೆ ಕಾರ್ಡ್ ಹಿಡಿದು ಜೋರಾಗಿ ಜಗ್ಗಿ. ಒಳಗಿನ ತಂತಿ ಅಲ್ಲಾಡಬಾರದು.

ಕಂಪ್ಯೂಟರಿಗೆ ಇರುತ್ತಲ್ಲ, ಆ ಥರ ಸಾಕೆಟ್ ಕೂರಿಸಿದರೆ ಸಿಪಿಯು ಕೇಬಲ್ಲೇ ಹಾಕಬಹುದಲ್ಲ?

ಹಾಕಬಹುದು. ಬೇಕಾದಾಗ ಕೇಬಲ್ ಬಿಚ್ಚಿಡಬಹುದು ಅನ್ನುವುದು ಅನುಕೂಲವೇ. ಆದರೆ ಅದಕ್ಕೆ ಚಾಸಿಯಲ್ಲಿ ಚೌಕ ತೂತು ಕೊರೆಯಬೇಕು. ಮೈಕ್ ಸೆಟ್ ಆಂಪ್ಲಿಫೈಯರ್ ಆದರೆ ಕೊರೆಯಿರಿ, ಯಾರೂ ಅಳುವುದಿಲ್ಲ. 1961ರ ಮೆಕಿಂಟಾಷ್ ಎಂಸಿ275 ಆಂಪ್ಲಿಫೈಯರ್ ಅಥವಾ ಬ್ರಿಟನ್ನಿನ ಲೀಕ್, ಕ್ವಾಡ್ ಕಂಪನಿಯ ಸೆಟ್ಟಿಗೆ ಡ್ರಿಲ್ ಹಿಡಿಯುವ ಮುಂಚೆ ಒಂದು ರಾತ್ರಿ ಮಲಗಿ ಎದ್ದು ಯೋಚಿಸಿ. ನನ್ನ ಮನಸ್ಸು ಹಳೇ ತೂತಿನಲ್ಲೇ ಹೊಸ ಕಾರ್ಡ್ ತೂರಿಸುವ ಕಡೆಗೆ.

ಕೆಲವು ಬ್ರಿಟಿಷ್ ಸೆಟ್‌ಗಳಲ್ಲಿ ಕಾರ್ಡನ್ನು ಬಿಚ್ಚಿ ಹಾಕಲು ಬಲ್ಜಿನ್ ಕಂಪನಿಯ ಕನೆಕ್ಟರ್ ಇರುತ್ತದೆ. ಅದು ಮೂರು ಪಿನ್ನಿನದಾಗಿದ್ದು, ಬಿರುಕಿಲ್ಲದೆ ಗಟ್ಟಿಯಾಗಿದ್ದರೆ ಅದನ್ನೇ ಉಳಿಸಿಕೊಂಡು ಕಾರ್ಡ್ ಮಾತ್ರ ಬದಲಿಸಬಹುದು.

ಫ್ಯೂಸ್ ಎಷ್ಟರದು ಹಾಕಲಿ?

ಸೆಟ್ಟಿನ ಮೇಲೆ ಬರೆದಿರುವುದನ್ನು, ವೋಲ್ಟೇಜ್ ನೋಡಿಕೊಂಡು. ಡೈನಾಕೋ ಎಸ್‌ಟಿ-70ಕ್ಕೆ ಅಮೆರಿಕದ ಕರೆಂಟಿನಲ್ಲಿ 3 ಆಂಪಿಯರ್ ಸ್ಲೋ ಬ್ಲೋ, ಅಂದರೆ ನಿಧಾನಕ್ಕೆ ಸುಡುವ ಫ್ಯೂಸ್. ಟ್ರಾನ್ಸ್‌ಫಾರ್ಮರನ್ನೇ 230 ವೋಲ್ಟಿನದಕ್ಕೆ ಬದಲಿಸಿದ್ದರೆ ಅರ್ಧ, ಅಂದರೆ 1.5. ಸ್ಲೋ ಬ್ಲೋ ಅಂತ ಕೇಳಿಯೇ ತನ್ನಿ. ಸಾಮಾನ್ಯ ಫ್ಯೂಸ್ ಆನ್ ಮಾಡಿದಾಗಿನ ಮೊದಲ ಎಳೆತಕ್ಕೇ ಸುಡುತ್ತದೆ. ಆಮೇಲೆ ಜನ ಬೇಜಾರಾಗಿ ವೈರಿನ ಎಳೆ ಸುತ್ತುತ್ತಾರೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸ್ ನೋಡಿದ್ದೇನೆ.

ನನ್ನದು ಅಮೆರಿಕದ 117 ವೋಲ್ಟಿನ ಸೆಟ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇದೆ. ನಮ್ಮ ಮೂರು ಪಿನ್ ಪ್ಲಗ್ ಹಾಕಲಾ?

ದಯವಿಟ್ಟು ಬೇಡ. ನಮ್ಮ ಪ್ಲಗ್ ಹಾಕಿದರೆ ಒಂದಲ್ಲ ಒಂದು ದಿನ ಮನೆಗೆ ಬಂದ ಭಾವನೋ ಅಳಿಯನೋ ಅದನ್ನು ಗೋಡೆಯ ಸಾಕೆಟ್ಟಿಗೇ ಸಿಕ್ಕಿಸುತ್ತಾನೆ. ಎರಡರಷ್ಟು ವೋಲ್ಟೇಜ್, ಫ್ಯೂಸ್ ಸುಡುವ ಮುಂಚೆ ಏನೇನು ಸುಡುತ್ತದೋ ಹೇಳಲಾಗದು. ಅಮೆರಿಕದ ಮೂರು ಪಿನ್ ಪ್ಲಗ್ಗನ್ನೇ ಹಾಕಿ, ಸ್ಟೆಪ್‌ಡೌನಿಗೆ ಅದರ ಜೋಡಿ ಸಾಕೆಟ್ ಕೂರಿಸಿ.

ಆಮೇಲೆ ಆ ಸ್ಟೆಪ್‌ಡೌನನ್ನೂ ಬಿಚ್ಚಿ ನೋಡಿ. ಅಗ್ಗದವು ಬಹಳಷ್ಟು ಆಟೋ ಟ್ರಾನ್ಸ್‌ಫಾರ್ಮರ್‌ಗಳು, ಒಂದೇ ಸುರುಳಿಯ ನಡುವಿನಿಂದ ತಂತಿ ತೆಗೆದಿರುತ್ತಾರೆ. ಅದರಲ್ಲಿ ನ್ಯೂಟ್ರಲ್ ಕಡೆಯ ತಂತಿ ಒಳಗೆ ಬಿಟ್ಟುಹೋದರೆ ಪೂರ್ತಿ 230 ನಿಮ್ಮ ಸೆಟ್ಟಿನ ತಂತಿಗೆ ಬರುತ್ತದೆ. ಇನ್ನೊಂದು ಮೋಸ: ಹಿಂದೆ ಮೂರು ಪಿನ್ ಪ್ಲಗ್, ಮುಂದೆ ಎಲ್ಲ ಬಗೆಯ ಪಿನ್ನೂ ಹೋಗುವ ಸಾಕೆಟ್ ಇರುತ್ತದೆ, ನಡುವೆ ಅರ್ತ್ ತಂತಿಯೇ ಇರುವುದಿಲ್ಲ. ನೀವು ಕಷ್ಟಪಟ್ಟು ಹಾಕಿದ ಮೂರನೇ ತಂತಿ ಅಲ್ಲಿಗೆ ಬಂದು ನಿಂತುಬಿಡುತ್ತದೆ. ಮೀಟರಿನಲ್ಲಿ ಬೀಪ್ ನೋಡಿಯೇ ನಂಬಿ.

ಬೇರೆ ಬೇರೆ ಎರಡು ಸುರುಳಿ ಇರುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಮಾಡಿಸುವುದು ಒಳ್ಳೆಯದು. ಪಂಪ್‌ಸೆಟ್ ಮೋಟರ್ ಸುತ್ತುವ ಅಂಗಡಿಗಳು ನಮ್ಮ ಮೂರೂ ಜಿಲ್ಲೆಯಲ್ಲಿ ಓಣಿಗೊಂದಿವೆ. ಟ್ರಾನ್ಸ್‌ಫಾರ್ಮರ್ ಸುತ್ತುವವರು ಯಾರು ಅಂತ ಅಲ್ಲೇ ವಿಚಾರಿಸಿದರೆ ಗೊತ್ತಾಗುತ್ತದೆ. ಅಮೆರಿಕದ್ದು 60 ಹರ್ಟ್ಸ್ ಅನ್ನುವುದು ನೆನಪಿರಲಿ. ಅದಕ್ಕೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ ನಮ್ಮ 50 ಹರ್ಟ್ಸ್‌ನಲ್ಲಿ ಜಾಸ್ತಿ ಬಿಸಿಯಾಗುತ್ತದೆ. ಒಂದೆರಡು ಗಂಟೆ ಬಿಟ್ಟು ದೂರದಿಂದ ಅಂಗೈ ಹಿಡಿದು ನೋಡುತ್ತಿರಿ.

ಯುರೋಪಿನ ಸೆಟ್ಟಿನಲ್ಲಿ 220, 240 ಅಂತ ಸೆಲೆಕ್ಟರ್ ಇದೆ. ಯಾವುದಕ್ಕೆ ಇಡಲಿ?

240ಕ್ಕೆ. ನಮ್ಮಲ್ಲಿ ಸಂಜೆ 200ಕ್ಕೆ ಇಳಿದ ವೋಲ್ಟೇಜ್ ರಾತ್ರಿ ಲೋಡ್ ಕಡಿಮೆಯಾದಾಗ 250ಕ್ಕೆ ಏರುವುದುಂಟು. 220ರಲ್ಲಿಟ್ಟು 250 ಬಂದರೆ 6.3 ವೋಲ್ಟ್ ಇರಬೇಕಾದ ವಾಲ್ವಿನೊಳಗಿನ ಹೀಟರಿಗೆ 7.1ರ ಮೇಲೆ ಹೋಗುತ್ತದೆ. ವಾಲ್ವ್ ಬೇಗ ಮುದಿಯಾಗುತ್ತದೆ.

ಕಾರ್ಡ್ ಹಾಕಿದ್ದಾಯ್ತು. ಮೂರು ಪಿನ್ ಪ್ಲಗ್ ಸಿಕ್ಕಿಸಿದರೆ ಅರ್ತಿಂಗ್ ಆದ ಹಾಗೆಯೇ ಅಲ್ವಾ?

ಈ ಪ್ರಶ್ನೆಗೆ ನಾನು ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಮಾತಾಡುತ್ತೇನೆ. ಸಾಕೆಟ್ಟಿನ ಮೇಲಿನ ದೊಡ್ಡ ತೂತಿನ ಹಿಂದೆ ಏನಿದೆ? ಎಷ್ಟೋ ಹಳೇ ಮನೆಗಳಲ್ಲಿ ಏನೂ ಇಲ್ಲ, ತೂತು ಮಾತ್ರ. ಇನ್ನು ಕೆಲವು ಕಡೆ ಎಲೆಕ್ಟ್ರಿಷಿಯನ್ ಬೋರ್ಡಿನ ಒಳಗೇ ನ್ಯೂಟ್ರಲ್ಲಿನಿಂದ ಒಂದು ತುಂಡು ವೈರು ಅರ್ತಿಗೆ ಕೊಟ್ಟಿರುತ್ತಾನೆ. ಟೆಸ್ಟ್ ಮಾಡಿದರೆ ಎಲ್ಲ ಸರಿ ಅನ್ನಿಸುತ್ತದೆ. ಎಲ್ಲೋ ನ್ಯೂಟ್ರಲ್ ಕಟ್ಟಾದ ದಿನ ಆ ತುಂಡು ವೈರಿನ ಮೂಲಕವೇ ಫೇಸ್ ನಿಮ್ಮ ಚಾಸಿಗೆ ಬರುತ್ತದೆ. ಇದು ಅರ್ತ್ ಇಲ್ಲದ್ದಕ್ಕಿಂತ ಕೆಟ್ಟದ್ದು.

ಮೊದಲು ಸಾಕೆಟ್ ನೋಡಿ. ಎದುರಿಗೆ ನಿಂತು ನೋಡುವಾಗ ಮೇಲೆ ಅರ್ತ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಟೆಸ್ಟರ್ ಬಲಗಡೆ ಉರಿಯಬೇಕು. ಮೀಟರಿನಲ್ಲಿ ಫೇಸಿನಿಂದ ನ್ಯೂಟ್ರಲ್‌ಗೆ 230 ಇದ್ದರೆ ಫೇಸಿನಿಂದ ಅರ್ತಿಗೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ಲಿನಿಂದ ಅರ್ತಿಗೆ ಒಂದೆರಡು ವೋಲ್ಟ್ ಇದ್ದರೆ ಪರವಾಗಿಲ್ಲ, 20-30 ತೋರಿಸಿದರೆ ಏನೋ ಎಡವಟ್ಟಿದೆ.

ಮೀಟರ್ ಸರಿ ತೋರಿಸಿದ ಮಾತ್ರಕ್ಕೆ ಹೊರಗೆ ನೆಲದಲ್ಲಿ ಪೈಪ್ ಹೂತಿರುವ ಅರ್ತಿಂಗ್ ಗುಂಡಿ ಸರಿ ಇದೆ ಅಂತಲೂ ಅಲ್ಲ. ರಾಯಚೂರಿನ ಎರೆ ಭೂಮಿ ಒದ್ದೆಯಾಗಿದ್ದಾಗ ಅರ್ತಿಂಗಿಗೆ ಬಂಗಾರ. ಅದೇ ನೆಲ ಏಪ್ರಿಲ್ ತಿಂಗಳಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟು ಅರ್ತಿಂಗ್ ಪೈಪಿನಿಂದ ಹಿಂದೆ ಸರಿಯುತ್ತದೆ. ನಮ್ಮ ಬಳ್ಳಾರಿ ಗುಡ್ಡದ ಬುಡದಲ್ಲಿ, ಕೊಪ್ಪಳದ ಕಲ್ಲು ನೆಲದಲ್ಲಿ ಮೂರಡಿ ಅಗೆದರೆ ಬಂಡೆ ಠಣ್ ಅನ್ನುತ್ತದೆ. ಅಗೆಯುವವನು ಅಲ್ಲಿಗೇ ಪೈಪ್ ನಿಲ್ಲಿಸಿ, ಇದ್ದಿಲು ಉಪ್ಪು ಸುರಿದು, ದುಡ್ಡು ತಗೊಂಡು ಹೋಗುತ್ತಾನೆ.

ಲೆಕ್ಕ ನೋಡಿ. ಅಂಥ ಗುಂಡಿಯ ಪ್ರತಿರೋಧ 100 ಓಮ್ ಅಂತಿಟ್ಟುಕೊಳ್ಳಿ. ಫೇಸ್ ಚಾಸಿಗೆ ತಾಗಿದಾಗ 230ನ್ನು 100ರಿಂದ ಭಾಗಿಸಿದರೆ 2.3 ಆಂಪಿಯರ್. ಸೆಟ್ಟಿನ 3 ಆಂಪಿಯರ್ ಫ್ಯೂಸ್ ಸುಡುವುದಿಲ್ಲ. ಬೋರ್ಡಿನ 6 ಆಂಪಿಯರ್ ಎಂಸಿಬಿ ಬೀಳುವುದಿಲ್ಲ. ಮೂರು ಪಿನ್, ಹಸಿರು ತಂತಿ ಎಲ್ಲ ಇದ್ದೂ ಚಾಸಿ ಕರೆಂಟಾಗೇ ಇರುತ್ತದೆ!

ಇದಕ್ಕೆ ಮದ್ದು ಕರೆಂಟಿನ ಸೋರಿಕೆ ಹಿಡಿಯುವ ಸ್ವಿಚ್, ಅಂದರೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಹೋದ ಕರೆಂಟಿಗೂ ಬಂದ ಕರೆಂಟಿಗೂ 0.03 ಆಂಪಿಯರ್ ವ್ಯತ್ಯಾಸ ಬಂದರೂ ಅದು ಕಡಿದುಹಾಕುತ್ತದೆ. ಅದರ ಮುಂದೆ 2.3 ಆಂಪಿಯರ್ ಅಂದರೆ ಎಪ್ಪತ್ತು ಪಟ್ಟು ಜಾಸ್ತಿ. ಹಾಗಾಗಿ ಕಳಪೆ ಗುಂಡಿಯಲ್ಲೂ ಅದು ಕೆಲಸ ಮಾಡುತ್ತದೆ. ವರ್ಷಕ್ಕೊಮ್ಮೆ ಗುಂಡಿಗೆ ನೀರು, ತಿಂಗಳಿಗೊಮ್ಮೆ ಆರ್‌ಸಿಸಿಬಿಯ ಟೆಸ್ಟ್ ಬಟನ್ ಅಂತ ನಾನು ಮೊದಮೊದಲು ಹೇಳುತ್ತಿದ್ದೆ. ಈಗ ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು ಅನ್ನುತ್ತೇನೆ.

ಫೇಸಿಗೂ ಅರ್ತಿಗೂ ನಡುವೆ 100 ವ್ಯಾಟ್ ಬಲ್ಬ್ ಹಾಕಿ ಉರಿಸಿ ನೋಡುವ ರೂಢಿ ನಮ್ಮ ಕಡೆ ಇದೆ. ಗುಂಡಿ ಕೆಟ್ಟಿದ್ದರೆ ಆ ಹೊತ್ತಿನಲ್ಲಿ ಮನೆಯ ಫ್ರಿಜ್, ಗೀಸರ್, ಗ್ರೈಂಡರ್ ಮೈಗೆಲ್ಲ ಕರೆಂಟ್ ಬರಬಹುದು. ನೀವೇ ಮಾಡಬೇಡಿ. ಎಲೆಕ್ಟ್ರಿಷಿಯನ್ ಮಾಡುವಾಗಲೂ ಮನೆಯವರು ಏನನ್ನೂ ಮುಟ್ಟದಿರಲಿ.

ಹೊಸ ಕಾರ್ಡ್ ಹಾಕಿದ ಮೇಲೆ ಹಮ್ ಬರ್ತಿದೆ. ಅರ್ತ್ ಪಿನ್ ಕಿತ್ತರೆ ನಿಲ್ಲುತ್ತೆ. ಕಿತ್ತೇ ಇಡಲಾ?

ಇಷ್ಟೆಲ್ಲ ಹೇಳಿದ ಮೇಲೂ ಇದನ್ನೇ ಕೇಳುತ್ತಾರೆ! ಬೇಡ. ನಿಮ್ಮ ಆಂಪ್ಲಿಫೈಯರಿಗೂ ಅರ್ತ್ ಇದೆ, ಕಂಪ್ಯೂಟರಿಗೋ ಟಿವಿಗೋ ಅರ್ತ್ ಇದೆ, ನಡುವೆ ಆಡಿಯೋ ಕೇಬಲಿನ ಶೀಲ್ಡ್ ಇದೆ. ಮೂರೂ ಸೇರಿ ಒಂದು ಸುತ್ತು ಆಗುತ್ತದೆ. ಆ ಸುತ್ತಿನಲ್ಲಿ ಓಡುವ 50 ಹರ್ಟ್ಸೇ ಹಮ್ಮು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ ನೋಡಿ, ಅರ್ಧಕ್ಕರ್ಧ ಇಲ್ಲೇ ಮುಗಿಯುತ್ತದೆ. ಕೇಬಲ್ ಟಿವಿ ತಂತಿ ಸೆಟ್‌ಟಾಪ್ ಬಾಕ್ಸಿನ ಮೂಲಕ ಬಂದಿದ್ದರೆ ಅದನ್ನು ಬಿಚ್ಚಿ ನೋಡಿ. ಆಗಲೂ ಹೋಗದಿದ್ದರೆ ಆಡಿಯೋ ದಾರಿಯಲ್ಲಿ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಬಲ್ಲವರಾದರೆ ಸಿಗ್ನಲ್ ಗ್ರೌಂಡನ್ನು 10 ಓಮ್ ರೆಸಿಸ್ಟರ್, ಅದಕ್ಕೆ ಅಡ್ಡಲಾಗಿ 35 ಆಂಪಿಯರಿನ ಡಯೋಡ್ ಬ್ರಿಡ್ಜ್ ಹಾಕಿ ಚಾಸಿಗೆ ಸೇರಿಸುತ್ತಾರೆ. ಚಾಸಿ ಮಾತ್ರ ಅರ್ತಿನಲ್ಲೇ ಉಳಿಯಬೇಕು.

ಕೇಬಲ್ ಎಲ್ಲ ತೆಗೆದರೂ ಹಮ್ ಇದ್ದರೆ, ಅದೂ ಸ್ವಲ್ಪ ಚೂಪಾದ 100 ಹರ್ಟ್ಸ್ ಹಮ್ ಆದರೆ, ಕಾರ್ಡ್ ತಪ್ಪಲ್ಲ. ಫಿಲ್ಟರ್ ಕಂಡೆನ್ಸರ್ ಒಣಗಿದೆ.

ಮನೆಯಲ್ಲಿ ಹಳೇ ವಾಲ್ವ್ ರೇಡಿಯೋ ಇದೆ. ಅದಕ್ಕೂ ಮೂರು ತಂತಿ ಹಾಕಲಾ?

ಮೊದಲು ಒಳಗಿನ ವಾಲ್ವ್ ಹೆಸರು ಓದಿ. ಯುಸಿಎಚ್81, ಯುಎಲ್84, ಯುವೈ85 ಹೀಗೆ 'ಯು' ಅಕ್ಷರದವು ಇದ್ದರೆ ಅದು ಎಸಿ-ಡಿಸಿ ಸೆಟ್, ಅಂದರೆ ಎರಡೂ ಬಗೆಯ ಕರೆಂಟಿನಲ್ಲಿ ಓಡುವ ಸೆಟ್, ಆಗಿರುವ ಸಂಭವ ಜಾಸ್ತಿ. ಅದರಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಮೇನ್ಸಿನ ಒಂದು ತಂತಿ ನೇರ ಚಾಸಿಗೇ ಸೇರಿರುತ್ತದೆ. ಅದಕ್ಕೆ ಅರ್ತ್ ಕೊಟ್ಟರೆ ಫೇಸ್ ಅದಲು ಬದಲಾದ ಕ್ಷಣ ಢಮಾರ್. ಅಂಥ ಸೆಟ್ಟಿಗೆ ಎರಡು ತಂತಿಯ ಹೊಸ ಕಾರ್ಡ್ ಹಾಕಿ, ಹಿಂದಿನ ರಟ್ಟು ಮತ್ತು ನಾಬ್ ಎಲ್ಲ ಜಾಗದಲ್ಲಿವೆಯಾ ನೋಡಿ, ತೆರೆದು ಕೆಲಸ ಮಾಡುವಾಗ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಬಳಸಿ.

ಎಲ್ಲ ಆದ ಮೇಲೆ ಮೊದಲ ಸಲ ಆನ್ ಮಾಡುವುದು ಹೇಗೆ?

ಆನ್ ಮಾಡುವ ಮುಂಚೆ ಪ್ಲಗ್ಗಿನ ಅರ್ತ್ ಪಿನ್ನಿನಿಂದ ಚಾಸಿಗೆ ಅಳೆಯಿರಿ. ಮೀಟರ್ ವೈರಿನ ಪ್ರತಿರೋಧ ಕಳೆದು ಅರ್ಧ ಓಮ್‌ಗಿಂತ ಕಡಿಮೆ ಇರಬೇಕು. ಫೇಸ್, ನ್ಯೂಟ್ರಲ್ ಪಿನ್‌ಗಳಿಂದ ಚಾಸಿಗೆ ಏನೂ ತೋರಿಸಬಾರದು. ಮೋಟರ್ ಅಂಗಡಿಯಲ್ಲಿ 500 ವೋಲ್ಟಿನ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಸಿಕ್ಕರೆ, ಪವರ್ ಸ್ವಿಚ್ ಆನ್ ಸ್ಥಿತಿಯಲ್ಲಿಟ್ಟು ಫೇಸ್ ನ್ಯೂಟ್ರಲ್ ಒಟ್ಟು ಸೇರಿಸಿ ಚಾಸಿಗೆ ನೋಡಿ. 1 ಮೆಗಾ ಓಮ್‌ಗಿಂತ ಕಡಿಮೆ ಇದ್ದರೆ ಟ್ರಾನ್ಸ್‌ಫಾರ್ಮರ್ ಥಂಡಿ ಹಿಡಿದಿದೆ ಅಥವಾ ಕೆಟ್ಟಿದೆ.

ಆಮೇಲೆ ಸೀರೀಸ್ ಬಲ್ಬ್, ಅಂದರೆ ಸೆಟ್ಟಿಗೆ ಹೋಗುವ ಕರೆಂಟು ಒಂದು ಬಲ್ಬಿನ ಮೂಲಕವೇ ಹೋಗುವ ಜೋಡಣೆ. ರಿಪೇರಿ ಅಂಗಡಿಗಳಲ್ಲಿ ನೋಡಿರುತ್ತೀರಿ, ಹಲಗೆಯ ಮೇಲೆ ಒಂದು ಹೋಲ್ಡರ್, ಒಂದು ಸಾಕೆಟ್. 100 ವ್ಯಾಟಿನ ಹಳೇ ತಂತಿ ಬಲ್ಬ್ ಬೇಕು, ಎಲ್ಇಡಿ ನಡೆಯುವುದಿಲ್ಲ. ಸ್ಪೀಕರ್ ಕನೆಕ್ಟ್ ಮಾಡಿಯೇ ಆನ್ ಮಾಡಿ, ವಾಲ್ವ್ ಸೆಟ್ಟನ್ನು ಬರಿಗಂಟಲಲ್ಲಿ ಓಡಿಸಬಾರದು. ಬಲ್ಬ್ ಒಮ್ಮೆ ಜೋರಾಗಿ ಹೊತ್ತಿ ನಿಧಾನಕ್ಕೆ ಮಂಕಾದರೆ ಒಳ್ಳೆಯದು. ಪೂರ್ತಿ ಬೆಳಕಿನಲ್ಲೇ ನಿಂತರೆ ಒಳಗೆ ಶಾರ್ಟ್ ಇದೆ, ತಕ್ಷಣ ಆಫ್. ಬಲ್ಬ್ ಇರುವಾಗ ವೋಲ್ಟೇಜ್ ಕಡಿಮೆ ಇರುವುದರಿಂದ ಸೌಂಡ್ ನೋಡಬೇಡಿ.

ಇನ್ವರ್ಟರಿನಲ್ಲಿ ಓಡಿಸಬಹುದಾ?

ಸೈನ್ ವೇವ್ ಇನ್ವರ್ಟರ್ ಆದರೆ ಸರಿ. ಸ್ಕ್ವೇರ್ ವೇವಿನಲ್ಲಿ ಟ್ರಾನ್ಸ್‌ಫಾರ್ಮರ್ ಜೀರುಂಡೆಯ ಹಾಗೆ ಕೂಗುತ್ತದೆ. ಕರೆಂಟ್ ಬರುವ ತನಕ ಹೊರಗೆ ಗಾಳಿಗೆ ಕೂತುಕೊಳ್ಳಿ.

ಸಾವಿರಾರು ರೂಪಾಯಿಯ ಆಡಿಯೋ ಪವರ್ ಕಾರ್ಡ್ ಹಾಕಿದರೆ ಸೌಂಡ್ ಬದಲಾಗುತ್ತಾ?

ನನ್ನ ಕಿವಿಗೆ ಆಗಿಲ್ಲ. ಕುಡತಿನಿಯಲ್ಲೋ ಶಕ್ತಿನಗರದಲ್ಲೋ ಕಲ್ಲಿದ್ದಲು ಸುಟ್ಟು ಮಾಡಿದ ಕರೆಂಟು ಗ್ರಿಡ್ಡಿಗೆ ಬೆರೆತು, ಮೈಲುಗಟ್ಟಲೆ ಅಲ್ಯೂಮಿನಿಯಂ ತಂತಿಯಲ್ಲಿ ಬಂದು, ಕಂಬದ ಮೇಲೆ ಹೆಣೆದ ಜಾಯಿಂಟ್ ದಾಟಿ, ನಿಮ್ಮ ಗೋಡೆಯೊಳಗಿನ ಹಳೇ ವೈರಿನಲ್ಲಿ ಹರಿದು ಸಾಕೆಟ್ಟಿಗೆ ಬರುತ್ತದೆ. ಕೊನೆಯ ಒಂದೂವರೆ ಮೀಟರ್ ಬೆಳ್ಳಿಯದಾದರೆ ಏನು ಬಂತು? ಆ ದುಡ್ಡಿನಲ್ಲಿ ಒಂದು ಆರ್‌ಸಿಸಿಬಿ, ಒಂದು ಸರಿಯಾದ ಅರ್ತಿಂಗ್ ಗುಂಡಿ ಆಗುತ್ತದೆ. ಉಳಿದದ್ದರಲ್ಲಿ ಎರಡು ಇಎಲ್34 ವಾಲ್ವ್.

ಕಾರ್ಡ್ ಬದಲಿಸಿದರೆ ಸೆಟ್ಟಿನ ಬೆಲೆ ಇಳಿಯುವುದಿಲ್ವಾ? ಹಳೇ ಕಾರ್ಡ್ ಏನು ಮಾಡಲಿ?

ಚಾಸಿ ಕೊರೆಯದೆ, ನೀಟಾಗಿ ಮಾಡಿದ್ದರೆ ತಿಳಿದವರು ಬೆಲೆ ಇಳಿಸುವುದಿಲ್ಲ. ಕಂಪನಿ ಹೆಸರಿರುವ ಪ್ಲಗ್ ಅಥವಾ ಕಾರ್ಡ್ ಆದರೆ ಒಂದು ಕವರಿನಲ್ಲಿ ಹಾಕಿ, ಸೆಟ್ಟಿನ ಹೆಸರು ಬರೆದು ಇಟ್ಟುಕೊಳ್ಳಿ. ಸಾಮಾನ್ಯ ಕಾರ್ಡ್ ಆದರೆ ಮೊದಲು ಪ್ಲಗ್ ಕತ್ತರಿಸಿ ಬೇರೆ ಮಾಡಿ. ಇಲ್ಲದಿದ್ದರೆ ಮನೆಯಲ್ಲಿ ಯಾರಾದರೂ ಟೇಬಲ್ ಫ್ಯಾನಿಗೋ ಇಸ್ತ್ರಿ ಪೆಟ್ಟಿಗೆಗೋ ಜೋಡಿಸಿಬಿಡುತ್ತಾರೆ. ಅಮ್ಮನಿಗೆ ಇರುವೆ ಕಡಿಸಿದ ಆ ಕಾರ್ಡ್ ಈಗ ನಮ್ಮ ಹಿತ್ತಲಲ್ಲಿದೆ. ಅದರಲ್ಲಿ ಅವಳು ಹೀರೆ ಬಳ್ಳಿಯನ್ನು ಚಪ್ಪರಕ್ಕೆ ಕಟ್ಟಿದ್ದಾಳೆ.